ಇರುವೆಯ ಹೆಸರಿನಲ್ಲಿ

ಫೆಬ್ರವರಿ ೩, ಸೋಮವಾರ

ಹೆಂಡತಿ ಬೆಳಗಿನ ಬಸ್ಸಿಗೆ ಹೋದಳು. ಹೊಸ ರೈಲು ದಾರಿಗೆ ಜಾಗ ಅಳೆಯುವ ಕೆಲಸ, ಏಳು ವಾರ. ಬಸ್ಸಿನ ಮೆಟ್ಟಿಲ ಮೇಲೆ ನಿಂತು, "ಮಗಳ ಪರೀಕ್ಷೆ ಮುಗಿಯೋವರೆಗೆ ನೀವಿಬ್ಬರೂ ಜಗಳ ಆಡಬೇಡಿ" ಎಂದಳು.

"ಜಗಳ ಆಡೋಕೆ ಅವಳು ಕೋಣೆಯಿಂದ ಹೊರಗೆ ಬರಬೇಕಲ್ಲ" ಎಂದೆ. ನಕ್ಕಳು. ಬಸ್ಸು ಹೊರಟಿತು.

ಸಂಜೆ ಹೊತ್ತಿನಲ್ಲಿ ಮಾತಿಗೆ ಜನವಿಲ್ಲದಿರುವುದು ಇಪ್ಪತ್ತು ವರ್ಷದಲ್ಲಿ ಇದೇ ಮೊದಲು. ಅದಕ್ಕೇ ಲ್ಯಾಬಿನ ನೋಟ್‌ಬುಕ್ಕಿನ ಹಿಂದಿನ ಪುಟಗಳಿಂದ ಬರೆಯತೊಡಗಿದ್ದೇನೆ. ಮುಂದಿನ ಪುಟಗಳಲ್ಲಿ ಯಾರ ಬಾಯಿಗೆ ಯಾವ ಬಣ್ಣದ ಹಲ್ಲು ಎಂಬ ಟಿಪ್ಪಣಿಗಳಿವೆ. ಈಚೆಗೆ ಆ ಪುಟಗಳು ಬೇಗ ತುಂಬುತ್ತಿಲ್ಲ. ನಾನು ಕೈಯಲ್ಲಿ ಹಲ್ಲಿನ ಸೆಟ್ ಮಾಡುವವನು. ಅಚ್ಚಿನ ಮೇಲೆ ಮೇಣ ಕೂರಿಸಿ, ಒಸಡು ಕೆತ್ತಿ, ಒಂದೊಂದೇ ಹಲ್ಲು ನಿಲ್ಲಿಸುವವನು. ಕೆಲಸ ಕೊಡುತ್ತಿದ್ದ ಮೂವರು ದಂತವೈದ್ಯರಲ್ಲಿ ಇಬ್ಬರು ಹಲ್ಲು ತಯಾರಿಸುವ ಯಂತ್ರ ತಂದುಕೊಂಡರು. ಉಳಿದವರು ಡಾಕ್ಟರಮ್ಮ ಒಬ್ಬರೇ.

ಫೆಬ್ರವರಿ ೬, ಗುರುವಾರ

ಇವತ್ತು ಮಗಳು ನನ್ನನ್ನು ಬೆರಗುಗೊಳಿಸಿದಳು. ಬೆಳಿಗ್ಗೆ ನೋಡಿದರೆ ಅವಳ ಕಂಪ್ಯೂಟರಿನ ತಂತಿಗಳನ್ನೆಲ್ಲ ಸುತ್ತಿ, ಡಬ್ಬಿಗೆ ತುಂಬಿ, ಬಾಗಿಲ ಹತ್ತಿರ ಇಟ್ಟಿದ್ದಾಳೆ.

"ಅಪ್ಪಾ, ಇದನ್ನ ಲ್ಯಾಬಿಗೆ ತಗೊಂಡು ಹೋಗಿಬಿಡು. ಪರೀಕ್ಷೆ ಮುಗಿಯೋವರೆಗೆ ಅಲ್ಲೇ ಇರ್ಲಿ. ಮನೇಲಿದ್ರೆ ನಂಗೆ ತಡ್ಕೊಳ್ಳೋಕಾಗಲ್ಲ."

"ನಿಜವಾಗ್ಲೂ?"

"ಸೊಳ್ಳೆನೂ ಬಿಟ್ಟಳು. ಇಬ್ರೂ ಆಣೆ ಮಾಡ್ಕೊಂಡಿದೀವಿ. ಕೊನೇ ಪೇಪರ್ ಮುಗಿಯೋ ತನಕ ಯಾರೂ ಮುಟ್ಟೋ ಹಾಗಿಲ್ಲ."

ಸೊಳ್ಳೆ ಎಂದರೆ ಒಂದನೇ ತರಗತಿಯಿಂದ ಇವಳ ಜೊತೆಗಿರುವ ಗೆಳತಿ. ಬಂದೂಕಿನ ಆಟದಲ್ಲಿ ಇವರದೊಂದು ಹುಳಗಳ ತಂಡ. ಅವಳು ಸೊಳ್ಳೆ, ನನ್ನ ಮಗಳು ಇರುವೆ, ಇನ್ನೊಬ್ಬ ಚೇಳು. ಚೇಳು ಯಾವ ಊರಿನವನೋ, ಮುಖ ನೋಡಿದವರಿಲ್ಲ.

"ಒಳ್ಳೇದು" ಎಂದು ಡಬ್ಬಿ ಎತ್ತಿಕೊಂಡಿದ್ದರೆ ಸಾಕಿತ್ತು. ಬಾಯಿ ಸುಮ್ಮನಿರಬೇಕಲ್ಲ. ಆ ಆಟ ಮನುಷ್ಯನನ್ನು ಹೇಗೆ ಹಾಳು ಮಾಡುತ್ತದೆ, ಸಾಯಿಸುವುದನ್ನು ಹೇಗೆ ತಮಾಷೆ ಮಾಡಿಬಿಡುತ್ತದೆ ಎಂದು ಹತ್ತು ನಿಮಿಷ ಉಪದೇಶ ಮಾಡಿದೆ. ಅವಳು ಕೊನೆಯವರೆಗೂ ಕೇಳಿ, "ಭಾರ ಇದೆ, ಹುಷಾರು" ಎಂದಳು.

ಫೆಬ್ರವರಿ ೧೦, ಸೋಮವಾರ

ಓದುವ ರಜೆ ಇವತ್ತಿನಿಂದ. ಮಧ್ಯಾಹ್ನ ಊಟಕ್ಕೆ ಮನೆಗೆ ಹೋದೆ. "ಓದು ಹೇಗೆ ನಡೀತಿದೆ?" "ನಡೀತಿದೆ." ಅಷ್ಟೇ ಮಾತು. ಆದರೂ ಇಬ್ಬರೂ ಎದುರುಬದುರು ಕುಳಿತು ಉಂಡಿದ್ದು ಚೆನ್ನಾಗಿತ್ತು.

ಲ್ಯಾಬಿಗೆ ವಾಪಸು ಬಂದರೆ ಕೆಲಸವಿಲ್ಲ. ಹಿಂದಿನ ಕೋಣೆಯಲ್ಲಿ ಡಬ್ಬಿ ಕೂತಿತ್ತು. ಪರೀಕ್ಷೆ ಮುಗಿದ ಮೇಲೆ ಮತ್ತೆ ಆಡತೊಡಗುತ್ತಾಳಲ್ಲ, ಆಗ ಬುದ್ಧಿ ಹೇಳುವುದಕ್ಕಾದರೂ ಅದೇನೆಂದು ತಿಳಿದಿರಬೇಕು ಎಂದುಕೊಂಡು ಬಿಚ್ಚಿ ಜೋಡಿಸಿದೆ. ಆಟ ತಾನಾಗಿಯೇ ಅವಳ ಹೆಸರಿನಲ್ಲಿ ತೆರೆದುಕೊಂಡಿತು: ಇರುವೆ.

ಪರದೆಯ ಮೇಲೆ ಎರಡು ಕೈ, ಒಂದು ಬಂದೂಕು. ಮುಖವಿಲ್ಲ, ಮೈಯಿಲ್ಲ. ಕೈ ನಡೆದಂತೆ ಲೋಕ ನಡೆಯುತ್ತದೆ. ನಾನು ಒಂದು ಗೋಡೆಗೆ ಮುಖ ಮಾಡಿ, ತಿರುಗುವುದು ಹೇಗೆಂದು ತಿಳಿಯದೆ ಒದ್ದಾಡುತ್ತಿದ್ದಾಗ ಯಾರೋ ಬೆನ್ನಿಗೆ ಹೊಡೆದರು. ಹನ್ನೊಂದು ಸೆಕೆಂಡಿಗೆ ಸತ್ತೆ. ಎರಡನೇ ಸಲ ಒಂಬತ್ತು.

ಮುಚ್ಚಿಟ್ಟೆ. ಅರ್ಧ ಗಂಟೆ ಹೋಯಿತು.

(ಒಂದೂವರೆ. ನನಗೊಬ್ಬನಿಗೇ ಬರೆದುಕೊಳ್ಳುವುದರಲ್ಲೂ ಸುಳ್ಳೇಕೆ?)

ಫೆಬ್ರವರಿ ೧೨, ಬುಧವಾರ

ಊಟಕ್ಕೆ ಮನೆಗೆ ಹೋಗಲಿಲ್ಲ. ಕೆಲಸವಿದೆಯೆಂದು ಫೋನ್ ಮಾಡಿದೆ. "ಸರಿ ಅಪ್ಪ, ನಿನ್ನ ತಟ್ಟೆ ಮುಚ್ಚಿಟ್ಟಿರ್ತೀನಿ" ಎಂದಳು.

ಇವತ್ತು ಮೊದಲ ಸಲ ಒಬ್ಬನನ್ನು ಹೊಡೆದೆ. ಕುರ್ಚಿಯಿಂದ ಎದ್ದು ನಿಂತುಬಿಟ್ಟೆ. ಐವತ್ತೊಂದು ವರ್ಷದವನು, ಖಾಲಿ ಕೋಣೆಯಲ್ಲಿ, ಎರಡೂ ಕೈ ಮೇಲೆತ್ತಿ.

ಫೆಬ್ರವರಿ ೧೫, ಶನಿವಾರ

ಇದರಲ್ಲಿ ಏನಿದೆ ಎಂದು ಯಾರಾದರೂ ಕೇಳಿದರೆ ನಾಚಿಕೆ ಬಿಟ್ಟು ಹೀಗೆ ಹೇಳುತ್ತೇನೆ.

ಮೊದಲನೆಯದು ಕಿವಿ. ಹೆಡ್‌ಫೋನ್ ಹಾಕಿಕೊಂಡರೆ ಗೋಡೆಯಾಚೆ ನಡೆಯುವವನ ಹೆಜ್ಜೆ ಕೇಳುತ್ತದೆ. ಮರದ ಮೆಟ್ಟಿಲ ಮೇಲೆ ಒಂದು ಬಗೆ, ಜಲ್ಲಿಯ ಮೇಲೆ ಇನ್ನೊಂದು ಬಗೆ. ಮೈಯೆಲ್ಲ ಕಿವಿಯಾಗುತ್ತದೆ. ಆ ಹೊತ್ತಿನಲ್ಲಿ ಯಂತ್ರವಿಲ್ಲ, ಬಾರದ ಆರ್ಡರುಗಳಿಲ್ಲ, ಖಾಲಿ ಮನೆಯಿಲ್ಲ. ಮೂಲೆ ತಿರುಗಿ ಬರುವ ಒಬ್ಬನಿದ್ದಾನೆ, ನಾನಿದ್ದೇನೆ.

ಎರಡನೆಯದು ಕೈ. ಮೂವತ್ತು ವರ್ಷ ಕೂದಲೆಳೆಯಷ್ಟು ಮೇಣ ಹೆರೆದ ಕೈ ಇದು. ನಡುಗುವುದಿಲ್ಲ. ಮೌಸ್ ಹಿಡಿದಾಗ ಗುರಿ ಕದಲುವುದಿಲ್ಲ. ಆಟದಲ್ಲಿ ಯಾರೋ ಅಪರಿಚಿತ, "ಇರುವೆ, ಏನ್ ಕೈ ನಿಂದು!" ಎಂದು ಬರೆದ. ನನ್ನ ಕೈಯನ್ನು ಯಾರಾದರೂ ಹೊಗಳಿ ಎಷ್ಟು ಕಾಲವಾಗಿತ್ತು? ಆ ಸಾಲನ್ನು ಮೂರು ಸಲ ಓದಿದೆ.

ಮತ್ತೆ, ಸತ್ತರೆ ಹತ್ತು ಸೆಕೆಂಡು ಕಾದರೆ ಸಾಕು, ಎಲ್ಲ ಮೊದಲಿನಿಂದ. ಅಂಥ ಸೌಕರ್ಯ ಇನ್ನೆಲ್ಲಿದೆ?

ಸಂಜೆ ಮನೆಗೆ ಹೋದಾಗ ಸೊಳ್ಳೆ ಬಂದಿದ್ದಳು. ಇಬ್ಬರೂ ಊಟದ ಮೇಜಿನ ಮೇಲೆ ಪುಸ್ತಕ ಹರಡಿಕೊಂಡು ಒಬ್ಬರನ್ನೊಬ್ಬರು ಪ್ರಶ್ನೆ ಕೇಳುತ್ತಿದ್ದರು. ದಿನವೂ ಸಂಜೆ ಬರುತ್ತಾಳಂತೆ. "ಆಟ ನೆನಪಾಗಲ್ವಾ?" ಎಂದು ನಾನೇ ಕೇಳಿದೆ, ದೊಡ್ಡ ಮನುಷ್ಯನ ಹಾಗೆ.

"ಕೈ ತುರಿಸುತ್ತೆ ಅಂಕಲ್," ಎಂದಳು ಸೊಳ್ಳೆ. "ಆದ್ರೆ ಆಣೆ ಅಂದ್ರೆ ಆಣೆ."

ಫೆಬ್ರವರಿ ೧೮, ಮಂಗಳವಾರ

ಒಂದು ಗಂಟೆ. (ನಾಲ್ಕು.)

ಫೆಬ್ರವರಿ ೨೨, ಶನಿವಾರ

ಒಂದೇ ಆಟದಲ್ಲಿ ಮೂವತ್ತೊಂದು ಜನರನ್ನು ಹೊಡೆದೆ. ಪಟ್ಟಿಯಲ್ಲಿ ಎಲ್ಲರಿಗಿಂತ ಮೇಲೆ ಇರುವೆ.

ಖುಷಿ ಹೆಚ್ಚು ಹೊತ್ತು ಉಳಿಯಲಿಲ್ಲ. ಈ ಆಟದಲ್ಲಿ ಗುಂಡು ತಗುಲಿದವನು ಕೂಡಲೇ ಸಾಯುವುದಿಲ್ಲ. ನೆಲದ ಮೇಲೆ ಸ್ವಲ್ಪ ಹೊತ್ತು ತೆವಳುತ್ತಾನೆ. ಅಷ್ಟರಲ್ಲಿ ಜೊತೆಯವನು ಹೋಗಿ ಕೈಹಿಡಿದರೆ ಎದ್ದು ನಿಲ್ಲುತ್ತಾನೆ. ಅದಕ್ಕೆ ಎತ್ತುವುದು ಎನ್ನುತ್ತಾರೆ. ಇವತ್ತು ಒಬ್ಬ ನನ್ನ ಕಾಲ ಬಳಿಯೇ ಬಿದ್ದು, "ಇರುವೆ, ಎತ್ತು, ಎತ್ತು" ಎಂದು ಕೂಗುತ್ತಿದ್ದ. ನಾನು ಅವನನ್ನು ದಾಟಿಕೊಂಡು ಮೂವತ್ತೊಂದನೆಯವನ ಹಿಂದೆ ಓಡಿದೆ. ಅವನು ಸತ್ತ. ಆಮೇಲೆ ಬರೆದ: "ಇರುವೆ ಯಾರನ್ನೂ ಬಿಟ್ಟು ಹೋಗಲ್ಲ ಅಂತ ಕೇಳಿದ್ದೆ. ಸುಳ್ಳು."

ಅವಳ ಹಳೆಯ ಲೆಕ್ಕದ ಪುಟ ತೆರೆದು ನೋಡಿದೆ. ಎರಡು ವರ್ಷದ ಆಟ. ಹೊಡೆದವರು ಹೇಳಿಕೊಳ್ಳುವಷ್ಟಿಲ್ಲ. ಎತ್ತಿದ್ದು ನಾಲ್ಕು ಸಾವಿರ ಚಿಲ್ಲರೆ. ನಾನು ಸಾಯಿಸುವ ಆಟ ಎಂದು ಹತ್ತು ನಿಮಿಷ ಉಪದೇಶ ಮಾಡಿದೆನಲ್ಲ, ನನ್ನ ಮಗಳು ಅಲ್ಲಿಗೆ ಹೋಗಿ ಬಿದ್ದವರನ್ನು ಎಬ್ಬಿಸುತ್ತಿದ್ದಳು. ಗುಂಡಿನ ನಡುವೆ ಓಡಿ ಹೋಗಿ ಎಬ್ಬಿಸುತ್ತಿದ್ದಳು. ನನಗದು ಗೊತ್ತೇ ಇರಲಿಲ್ಲ.

ಕಣ್ಣು ಒದ್ದೆಯಾಯಿತು. ಆಮೇಲೆ ಇನ್ನೆರಡು ಆಟ ಆಡಿದೆ. ಎರಡರಲ್ಲೂ ಯಾರನ್ನೂ ಎತ್ತಲಿಲ್ಲ.

ಮನೆಗೆ ಹೋಗುವಾಗ ರಸ್ತೆಯ ಪ್ರತಿ ತಿರುವಿನಲ್ಲೂ ಗೋಡೆಗೆ ಒತ್ತಿಕೊಂಡು ನಡೆಯುತ್ತಿದ್ದೆ. ಹಾಲಿನ ಅಂಗಡಿಯವನು ನೋಡಿ, "ಕಾಲು ನೋವಾ ಸಾರ್?" ಎಂದ. ಹೌದೆಂದೆ.

ಫೆಬ್ರವರಿ ೨೫, ಮಂಗಳವಾರ

ಕ್ಲಾರಿನೆಟ್ಟಿನವರು ಲ್ಯಾಬಿಗೇ ಬಂದರು. ವಾದ್ಯವೃಂದದಲ್ಲಿ ನಲವತ್ತು ವರ್ಷ ಕ್ಲಾರಿನೆಟ್ ಊದಿದವರು. ಹೋದ ವಾರ ಡಾಕ್ಟರಮ್ಮನ ಮೂಲಕ ಅವರ ಮೇಲಿನ ಸೆಟ್ ಮಾಡಿ ಕಳಿಸಿದ್ದೆ. ಕರವಸ್ತ್ರದ ಗಂಟು ಬಿಚ್ಚಿ ಅದನ್ನು ಮೇಜಿನ ಮೇಲಿಟ್ಟರು.

"ಇದು ನೀವು ಮಾಡಿದ್ದಲ್ಲ" ಎಂದರು. ಮೇಲಿನ ಹಲ್ಲಿಲ್ಲದೆ ಮಾತು ತೊದಲುತ್ತಿತ್ತು.

"ನಾನೇ ಮಾಡಿದ್ದು."

"ಹತ್ತು ವರ್ಷದ ಹಿಂದೆ ಕೆಳಗಿನ ಸೆಟ್ ಮಾಡಿಕೊಟ್ರಿ. ಇವತ್ತಿಗೂ ಬಾಯಲ್ಲಿದೆ ಅನ್ನೋದೇ ಗೊತ್ತಾಗಲ್ಲ. ಇದನ್ನ ಹಾಕ್ಕೊಂಡು ಊದಿದ್ರೆ ಪಕ್ಕದಿಂದ ಗಾಳಿ ಸೋರುತ್ತೆ. ಬೇರೆ ಯಾರ ಕೈಗಾದ್ರೂ ಕೊಟ್ಟಿದ್ರಾ? ಕೊಟ್ಟಿದ್ರೆ ಹೇಳಿ, ಬೇಜಾರಿಲ್ಲ."

ಅವರು ನನಗೊಂದು ದಾರಿ ಬಿಟ್ಟುಕೊಟ್ಟಿದ್ದರು. ಪಕ್ಕದ ಹಲ್ಲುಗಳನ್ನು ನಾನು ಎರಡು ಆಟಗಳ ನಡುವೆ, ಮುಂದಿನ ಆಟ ಶುರುವಾಗುವ ಗಡಿಬಿಡಿಯಲ್ಲಿ ಕೂರಿಸಿದ್ದೆ. ಆ ಕ್ಷಣ ಚೆನ್ನಾಗಿ ನೆನಪಿದೆ. ಕಿವಿ ಆಟದ ಕಡೆಗಿತ್ತು.

"ನಾನೇ ಸರ್. ಗಮನ ಇಟ್ಟು ಮಾಡಲಿಲ್ಲ. ಕ್ಷಮಿಸಿ. ಇನ್ನೊಂದು ಮಾಡಿಕೊಡ್ತೀನಿ."

ಅವರು ನನ್ನ ಮುಖವನ್ನೇ ನೋಡಿದರು. "ಮೈ ಹುಷಾರಿಲ್ವಾ? ಕಣ್ಣು ಕೆಂಪಗಿದೆ."

ಬೈಯಬಾರದಿತ್ತೇ ಇವರು?

ಹೊಸ ಅಚ್ಚು ಹಾಕಿ ಸಂಜೆಯವರೆಗೆ ಕೂತು ಮೇಣ ಕೆತ್ತಿದೆ. ಮಧ್ಯೆ ಎರಡೇ ಆಟ.

ಫೆಬ್ರವರಿ ೨೮, ಶುಕ್ರವಾರ

ನಾಲ್ಕು ದಿನದಿಂದ ಸೊಳ್ಳೆ ಮನೆಗೆ ಬಂದಿಲ್ಲವಂತೆ. ನಾನು ಗಮನಿಸಿರಲಿಲ್ಲ. ಇವತ್ತು ಮಗಳು ತಟ್ಟೆ ತೊಳೆಯುತ್ತಾ, ನಲ್ಲಿಯ ಕಡೆ ಮುಖ ಮಾಡಿಕೊಂಡೇ ಕೇಳಿದಳು.

"ಅಪ್ಪಾ, ಲ್ಯಾಬಲ್ಲಿ ನನ್ನ ಕಂಪ್ಯೂಟರ್ ಯಾರಾದ್ರೂ ಮುಟ್ಟಿದ್ರಾ?"

"ಇಲ್ಲ. ಯಾಕೆ?"

ಇಷ್ಟು ಸಲೀಸಾಗಿ ಬಾಯಿಂದ ಬಂತು. ಯೋಚಿಸಲೂ ಇಲ್ಲ.

"ಚೇಳು ಸೊಳ್ಳೆಗೆ ಹೇಳಿದ್ನಂತೆ, ಇರುವೆ ದಿನಾ ಬರ್ತಾಳೆ, ಕರೆದ್ರೆ ಮಾತಾಡಲ್ಲ ಅಂತ. ಸೊಳ್ಳೆ ಫೋನಲ್ಲಿ ನನ್ನ ಪುಟ ತೆಗೆದು ನೋಡಿದಾಳೆ. ದಿನಕ್ಕೆ ನಾಲ್ಕು ಗಂಟೆ, ಐದು ಗಂಟೆ ಅಂತಿದೆ. ಆಣೆ ಮಾಡಿಸಿ ನನ್ನ ಬಿಡಿಸಿ, ನೀನು ಕದ್ದು ಆಡ್ತಿದೀಯ ಅಂತಾಳೆ. ಕಂಪ್ಯೂಟರ್ ಮನೇಲೇ ಇಲ್ಲ ಅಂದ್ರೂ ನಂಬಲ್ಲ."

ಹೇಳುತ್ತಾ ಹೇಳುತ್ತಾ ಒಂದೇ ತಟ್ಟೆಯನ್ನು ಎರಡು ಸಲ ತೊಳೆದಳು. "ಯಾರೋ ನನ್ನ ಹೆಸರು ಕದ್ದಿದಾರೆ ಅಪ್ಪ."

"ಇರಬಹುದು. ಈಗೆಲ್ಲ ಅಂಥವರೇ ಹೆಚ್ಚು" ಎಂದೆ.

ಕೋಣೆಗೆ ಬಂದು ಇದನ್ನು ಬರೆಯುತ್ತಿದ್ದೇನೆ. ಗೋಡೆಯಾಚೆ ಅವಳು ಓದುತ್ತಿಲ್ಲ. ಪುಟ ತಿರುವುವ ಸದ್ದಿಲ್ಲ.

ಮಾರ್ಚ್ ೧, ಶನಿವಾರ

ಇವತ್ತು ಮಾಡಿದ್ದನ್ನು ಬರೆಯಲೇಬೇಕು.

ಬೆಳಿಗ್ಗೆ ಮಗಳು ಫೋನ್ ಹಿಡಿದುಕೊಂಡು ಬಂದಳು. "ಅಪ್ಪಾ, ನೀನೇ ಸೊಳ್ಳೆಗೆ ಹೇಳು. ನಿನ್ನ ಮಾತಾದ್ರೆ ನಂಬ್ತಾಳೆ."

ಈಗಲೇ ಹೇಳಿಬಿಡಬೇಕು ಎಂದುಕೊಂಡೇ ಫೋನ್ ಕಿವಿಗಿಟ್ಟೆ. ಮಗಳು ನನ್ನ ಬಾಯನ್ನೇ ನೋಡುತ್ತಿದ್ದಳು.

"ಹಲೋ ಅಂಕಲ್" ಎಂದಳು ಸೊಳ್ಳೆ, ತಣ್ಣಗೆ.

"ನೋಡಮ್ಮಾ, ಕಂಪ್ಯೂಟರ್ ನನ್ನ ಲ್ಯಾಬಿನಲ್ಲಿದೆ. ಹಿಂದಿನ ಕೋಣೆಯಲ್ಲಿ. ಬೀಗ ಹಾಕಿದೆ. ಬೀಗದ ಕೈ ನನ್ನ ಜೇಬಲ್ಲಿದೆ." ಇಷ್ಟೂ ನಿಜವೇ. ಆಮೇಲಿನದು: "ಯಾರೂ ಮುಟ್ಟಿಲ್ಲ."

"ನಿಜ್ವಾಗ್ಲೂ ಅಂಕಲ್?"

"ಈ ವಯಸ್ಸಲ್ಲಿ ನಾನ್ಯಾಕಮ್ಮ ಸುಳ್ಳು ಹೇಳ್ಲಿ?"

ಆಚೆ ಕಡೆ ಸೊಳ್ಳೆ ಅಳತೊಡಗಿದಳು. ಮಗಳು ನನ್ನ ಕೈಯಿಂದ ಫೋನ್ ಕಿತ್ತುಕೊಂಡಳು. ಇಬ್ಬರೂ ಅತ್ತರು, ನಕ್ಕರು. ಸಂಜೆಗೆ ಸೊಳ್ಳೆ ಬಂದಳು. ಇಬ್ಬರೂ ಸೇರಿ ಆಟದ ಕಂಪನಿಗೆ ಉದ್ದನೆಯ ದೂರು ಬರೆದರು. ನಮ್ಮ ಹೆಸರು ಕದ್ದವನನ್ನು ಹಿಡಿಯಿರಿ, ಅಲ್ಲಿಯವರೆಗೆ ಇರುವೆಯ ಖಾತೆಗೆ ಬೀಗ ಹಾಕಿ ಎಂದು. ಕಾಗುಣಿತ ತಪ್ಪಿದೆಯೇ ನೋಡು ಎಂದು ನನಗೇ ಕೊಟ್ಟರು. ಒಂದು ದೀರ್ಘ ತಿದ್ದಿಕೊಟ್ಟೆ.

ಮಲಗುವ ಮುಂಚೆ ಮಗಳು ಬಾಗಿಲಿಗೆ ಬಂದು, "ಥ್ಯಾಂಕ್ಸ್ ಅಪ್ಪ" ಎಂದಳು.

ಬೇಲಿಯೇ ಎದ್ದು ಹೊಲ ಮೇಯ್ದಿದೆ. ಹೊಲ ಬೇಲಿಗೆ ಥ್ಯಾಂಕ್ಸ್ ಹೇಳಿದೆ.

ಮಾರ್ಚ್ ೩, ಸೋಮವಾರ

ಇರುವೆಯ ಖಾತೆಗೆ ಬೀಗ ಬಿದ್ದಿದೆ. ಒಳ್ಳೆಯದೇ ಆಯಿತು. ನಾನೇ ಬಿಡಬೇಕಿತ್ತು, ತಾನಾಗಿಯೇ ಬಿಟ್ಟಿತು.

ಹನ್ನೊಂದು ಗಂಟೆಗೆ ನನ್ನದೇ ಒಂದು ಖಾತೆ ತೆರೆದೆ. ಹೆಸರು ಕೇಳಿತು. 'ದವಡೆ' ಎಂದು ಕೊಟ್ಟೆ. ಈಗ ಯಾರ ಹೆಸರೂ ಕೆಡುವುದಿಲ್ಲ; ಆಡಿದರೆ ನನ್ನ ಹೊತ್ತು, ನನ್ನ ಕೈ. ಇದರಲ್ಲಿ ತಪ್ಪೇನಿದೆ?

ಊಟಕ್ಕೆ ಬರುವುದಿಲ್ಲವೆಂದು ಈಗ ಫೋನ್ ಮಾಡುವ ಅಗತ್ಯವೂ ಇಲ್ಲ. ಅವಳಿಗೆ ಅಭ್ಯಾಸವಾಗಿದೆ.

ಮಾರ್ಚ್ ೫, ಬುಧವಾರ

ಎರಡು ಸಲ ಬರೆದು ಹೊಡೆದುಹಾಕಿದೆ. ಅಕ್ಷರ ಸರಿಯಾಗಿ ಬರುತ್ತಿಲ್ಲ.

ಮಧ್ಯಾಹ್ನ ಒಂದೂವರೆ ಇರಬಹುದು. ಹಿಂದಿನ ಕೋಣೆಯಲ್ಲಿ, ಬಾಗಿಲಿಗೆ ಬೆನ್ನು ಮಾಡಿ ಕುಳಿತಿದ್ದೆ. ಆಟ ಕೊನೆಯ ಹಂತಕ್ಕೆ ಬಂದಿತ್ತು. ಎದುರಾಳಿಗಳಲ್ಲಿ ಇಬ್ಬರು ಉಳಿದಿದ್ದರು, ನನ್ನ ಕಡೆ ನಾನೊಬ್ಬನೇ. ಒಬ್ಬನನ್ನು ಕಿಟಕಿಯಲ್ಲಿ ಹೊಡೆದೆ. ಇನ್ನೊಬ್ಬ ಎಲ್ಲಿದ್ದಾನೋ ಕಾಣಿಸಲಿಲ್ಲ. ಕಿವಿ ಬೆವರಿತ್ತೆಂದು ಹೆಡ್‌ಫೋನನ್ನು ಒಂದು ಕಿವಿಯಿಂದ ಸರಿಸಿದ್ದೆ.

"ಎಡಗಡೆ ಇದಾನೆ ಅಪ್ಪಾ. ಮೆಟ್ಟಿಲ ಹಿಂದೆ."

ನಾನು ಎಡಕ್ಕೆ ತಿರುಗಿದೆ. ಹೊಡೆದೆ. ಅವನು ಬಿದ್ದ. ಗೆದ್ದೆವು ಎಂದು ಪರದೆ ಬೆಳಗಿತು. ಆಮೇಲೆ, ಆಮೇಲೆಯೇ, ಮಾತಾಡಿದ್ದು ಯಾರೆಂದು ಹೊಳೆಯಿತು.

ಮೊದಲು ಗುಂಡು, ಆಮೇಲೆ ಮಗಳು. ಆ ಕ್ರಮವನ್ನು ನೆನೆದರೆ ಈಗಲೂ ಮುಖ ಸುಡುತ್ತದೆ.

ತಿರುಗಿ ನೋಡಿದೆ. ಬಾಗಿಲ ಚೌಕಟ್ಟಿಗೆ ಒರಗಿ ನಿಂತಿದ್ದಳು. ಒಂದು ಕೈಯಲ್ಲಿ ನನಗೆಂದು ತಂದ ಊಟದ ಡಬ್ಬಿ, ಇನ್ನೊಂದರಲ್ಲಿ ಫೋನು. ಡಬ್ಬಿಯನ್ನು ಹಲ್ಲಿನ ಅಚ್ಚುಗಳ ಪಕ್ಕದಲ್ಲಿಟ್ಟಳು.

"ಕಂಪನಿಯಿಂದ ಉತ್ತರ ಬಂತು. ಅಷ್ಟೂ ಆಟ ನನ್ನ ಕಂಪ್ಯೂಟರಿಂದಲೇ ಆಡಿರೋದಂತೆ."

ಏನಾದರೂ ಹೇಳಬೇಕಿತ್ತು. ಹೇಳಿದ್ದೇನು ಗೊತ್ತೇ? "ಈಗ ನಿನ್ನ ಹೆಸರಲ್ಲಿ ಆಡ್ತಿಲ್ಲ" ಎಂದೆ.

ಅವಳು ತಲೆಯಾಡಿಸಿ ಹೋದಳು.

ಮಾರ್ಚ್ ೬, ಗುರುವಾರ

ನಿನ್ನೆ ಸಂಜೆಯಿಡೀ ಮಾತಿಲ್ಲ. ಇವತ್ತು ಬೆಳಿಗ್ಗೆ ನಾನೇ ಅವಳ ಮುಂದೆ ಕುಳಿತೆ. ಲ್ಯಾಬಿನಲ್ಲಿ ಕೆಲಸ ಕಡಿಮೆಯಾಗಿದ್ದು, ಯಂತ್ರ ಬಂದಿದ್ದು, ನಿನ್ನ ಅಮ್ಮನೂ ಇಲ್ಲ, ಹೊತ್ತು ಹೋಗುತ್ತಿರಲಿಲ್ಲ, ಮೊದಲು ಸುಮ್ಮನೆ ನೋಡೋಣ ಎಂದು ಕೂತಿದ್ದು, ಎಲ್ಲ ಹೇಳಿದೆ. ನನ್ನ ಮಾತು ನನಗೇ ಯಾರದೋ ರಜಾ ಅರ್ಜಿಯಂತೆ ಕೇಳುತ್ತಿತ್ತು.

ಅವಳು ಪೆನ್ನಿನ ಮುಚ್ಚಳ ತೆಗೆಯುತ್ತಾ ಹಾಕುತ್ತಾ ಕೇಳಿಸಿಕೊಂಡಳು.

"ಹತ್ತೊಂಬತ್ತು ದಿನ" ಎಂದಳು.

"ಏನು?"

"ಹತ್ತೊಂಬತ್ತು ದಿನ ಮಧ್ಯಾಹ್ನ ಒಬ್ಬಳೇ ಊಟ ಮಾಡಿದೆ. ಅಪ್ಪಂಗೆ ಪಾಪ ಕೆಲಸ ಜಾಸ್ತಿ ಬಂದಿದೆ, ಒಳ್ಳೇದಾಯ್ತು ಅಂದ್ಕೊಂಡಿದ್ದೆ. ಅಮ್ಮಂಗೂ ಅದನ್ನೇ ಹೇಳಿದ್ದೆ."

ಪೆನ್ನು ಕೆಳಗಿಟ್ಟು, "ಆಡಿದ್ರೆ ಆಡಿದೆ, ಅದಕ್ಕೇನಂತೆ" ಎಂದಳು. "ಯಾರನ್ನೂ ಎತ್ತೇ ಇಲ್ಲವಲ್ಲ ಅಪ್ಪ ನೀನು. ಪುಟ ನೋಡಿದೆ. ಒಬ್ಬರನ್ನೂ ಎತ್ತಿಲ್ಲ."

ಎದ್ದು ಲ್ಯಾಬಿಗೆ ಬಂದೆ. ಕಂಪ್ಯೂಟರಿನ ತಂತಿಗಳನ್ನು ಸುತ್ತಿ ಡಬ್ಬಿಗೆ ತುಂಬಿದೆ. ಕ್ಲಾರಿನೆಟ್ಟಿನವರ ಸೆಟ್ಟಿಗೆ ಕೊನೆಯ ನಯ ಕೊಟ್ಟೆ. ಅವರು ಸಂಜೆ ಬಂದು, ಹಾಕಿಕೊಂಡು, ವಾದ್ಯ ತೆಗೆದು ಲ್ಯಾಬಿನಲ್ಲೇ ಊದಿದರು. ಗಾಳಿ ಸೋರಲಿಲ್ಲ. "ಇದು ನಿಮ್ಮದು" ಎಂದರು. ಬೇರೆ ದಿನವಾಗಿದ್ದರೆ ಆ ಮಾತಿಗೆ ಎಷ್ಟು ಹಿಗ್ಗುತ್ತಿದ್ದೆನೋ.

ಮಾರ್ಚ್ ೮, ಶನಿವಾರ

ಸೊಳ್ಳೆ ಮತ್ತೆ ಬರುತ್ತಿಲ್ಲ. ನಾಡಿದ್ದು ಮೊದಲ ಪರೀಕ್ಷೆ. ಏನಾಯಿತೆಂದು ಮಗಳನ್ನು ಕೇಳಿದೆ.

"ಕಂಪನಿ ಉತ್ತರ ಅವಳೂ ಓದಿದಾಳೆ, ಇಬ್ರ ಹೆಸರಲ್ಲೂ ದೂರು ಕೊಟ್ಟಿದ್ವಲ್ಲ. ಕೇಳಿದ್ಲು. ಹೌದು, ನಾನೇ ಲ್ಯಾಬಿಗೆ ಹೋಗಿ ಕದ್ದು ಆಡ್ತಿದ್ದೆ ಅಂದೆ."

"ನೀನ್ಯಾಕೆ ಹಾಗಂದೆ?"

"ಮತ್ತೇನನ್ಲಿ? ನಮ್ಮಪ್ಪ ಆಡಿದ್ದು, ಆಮೇಲೆ ನಿಂಗೆ ಫೋನಲ್ಲಿ ಸುಳ್ಳು ಹೇಳಿದ್ದು ಅನ್ಲಾ?" ಧ್ವನಿ ಏರಲಿಲ್ಲ. "ಅವಳು ನಮ್ಮನೇಲಿ ನಿನ್ನ ಮುಖ ಹೇಗೆ ನೋಡ್ತಾಳೆ? ನೀನು ಅವಳ ಮುಖ ಹೇಗೆ ನೋಡ್ತೀಯ?"

ನನ್ನ ಮಾನ ಉಳಿಸಲು ಅವಳು ತನ್ನ ಹತ್ತು ವರ್ಷದ ಗೆಳತಿಯನ್ನು ಬಿಟ್ಟುಕೊಟ್ಟಿದ್ದಳು. ಆ ಮಾನಕ್ಕೆ ಅಷ್ಟು ಬೆಲೆ ಇತ್ತೇ?

ಚಪ್ಪಲಿ ಮೆಟ್ಟಿ ಹೊರಟೆ. ಸೊಳ್ಳೆಯ ಮನೆ ಅಂಚೆ ಕಚೇರಿಯ ಹಿಂದಿನ ಬೀದಿಯಲ್ಲಿ, ಎರಡನೇ ಮಹಡಿ. ಮೆಟ್ಟಿಲು ಹತ್ತುವಾಗ ಎರಡು ಸಲ ನಿಂತೆ. ಬಾಗಿಲು ತೆರೆದಿದ್ದು ಅವಳ ಅಮ್ಮ. ಪರದೆ ಹೊಲಿಯುವವರು, ಕೊರಳಲ್ಲಿ ಅಳತೆ ಪಟ್ಟಿ ನೇತಾಡುತ್ತಿತ್ತು.

"ಬನ್ನಿ ಬನ್ನಿ. ಮಕ್ಕಳು ಮತ್ತೆ ಜಗಳ ಆಡಿದಾವೆ ಅಂತ ಕಾಣುತ್ತೆ. ಪರೀಕ್ಷೆ ಹೊತ್ತಲ್ಲಿ ಇದೇನು ಗ್ರಹಚಾರ!"

"ಮಕ್ಕಳದೇನೂ ತಪ್ಪಿಲ್ಲ. ಅವಳನ್ನ ಕರೀತೀರಾ? ನೀವೂ ಇರಿ."

ಸೊಳ್ಳೆ ಬಂದು ಗೋಡೆಗೆ ಅಂಟಿಕೊಂಡು ನಿಂತಳು. ಬರುವಾಗ ದಾರಿಯಲ್ಲಿ ಮಾತು ಜೋಡಿಸಿಕೊಂಡಿದ್ದೆ. ಒಂದೂ ನೆನಪಾಗಲಿಲ್ಲ.

"ಆಡಿದ್ದು ನಾನಮ್ಮಾ" ಎಂದೆ. "ಅಷ್ಟೂ ದಿನ ನಾನೇ. ಅವಳು ಲ್ಯಾಬಿಗೆ ಕಾಲಿಟ್ಟಿರಲಿಲ್ಲ. ಫೋನಲ್ಲಿ ನಿಂಗೆ ಹೇಳಿದ್ದು ಸುಳ್ಳು. ನನ್ನ ಮಾನ ಹೋಗಬಾರದು ಅಂತ ಅವಳು ತಪ್ಪು ತಾನೇ ಹೊತ್ಕೊಂಡಳು. ನನ್ನ ಕ್ಷಮಿಸಮ್ಮ. ನೀವೂ ಕ್ಷಮಿಸಿ."

ಹೊಲಿಗೆಯವರು ಬಾಯಿ ಮೇಲೆ ಕೈಯಿಟ್ಟುಕೊಂಡರು. ನಗುವೋ, ಗಾಬರಿಯೋ ತಿಳಿಯಲಿಲ್ಲ. ಸೊಳ್ಳೆ ಕಣ್ಣು ಅಗಲಿಸಿ ನನ್ನನ್ನೇ ನೋಡಿದಳು.

"ಅಂಕಲ್, ಆ ಮೂವತ್ತೊಂದು... ಅದೂ ನೀವೇನಾ?"

"ಹೌದು."

"ಒಂದೇ ಆಟದಲ್ಲಿ?"

"ಹೌದಮ್ಮಾ."

"ಅಯ್ಯಪ್ಪಾ!" ಎಂದಳು ಸೊಳ್ಳೆ.

ಸುಳ್ಳು ಬರೆಯುವುದಿಲ್ಲ. ಆ ಒಂದು ಕ್ಷಣ ಎದೆ ಉಬ್ಬಿತು. ಕ್ಷಮೆ ಕೇಳಲು ಬಂದವನು, ಎರಡು ಮಕ್ಕಳ ಸ್ನೇಹ ಕೆಡಿಸಿದವನು, ಪರರ ಮನೆಯ ಹೊಸ್ತಿಲಲ್ಲಿ ತಲೆ ತಗ್ಗಿಸಿ ನಿಂತವನು ಒಳಗೊಳಗೇ ಬೀಗಿದೆ. ಇಡೀ ಪ್ರಕರಣದಲ್ಲಿ ಅದಕ್ಕಿಂತ ನಾಚಿಕೆಯ ಗಳಿಗೆ ಇನ್ನೊಂದಿಲ್ಲ. ಅವಳಿಗೂ ಅದು ಕಂಡಿತೇನೋ. ಮುಖ ಬಿಗಿಯಾಯಿತು.

"ನೀವು ಸುಳ್ಳು ಹೇಳಲ್ಲ ಅಂದ್ಕೊಂಡಿದ್ದೆ ಅಂಕಲ್" ಎಂದು ಒಳಗೆ ಹೋದಳು. ಒಂದು ನಿಮಿಷದಲ್ಲಿ ಪುಸ್ತಕದ ಚೀಲ ಹೆಗಲಿಗೇರಿಸಿಕೊಂಡು ಬಂದು, ನನ್ನನ್ನು ದಾಟಿ, ದಡದಡ ಮೆಟ್ಟಿಲಿಳಿದು ನಮ್ಮ ಮನೆಯ ಕಡೆ ಓಡಿದಳು.

ಅವರಿಬ್ಬರೂ ಮಾತಾಡಿ ಮುಗಿಸಲಿ ಎಂದು ನಾನು ಅಂಚೆ ಕಚೇರಿಯ ಕಟ್ಟೆಯ ಮೇಲೆ ಒಂದು ಗಂಟೆ ಕುಳಿತಿದ್ದು ಬಂದೆ.

ಮಾರ್ಚ್ ೧೦, ಸೋಮವಾರ

ಮೊದಲ ಪೇಪರ್. ಇಬ್ಬರೂ ಜೊತೆಯಲ್ಲೇ ಹೋದರು. ಸೊಳ್ಳೆ ನನ್ನ ಕಡೆ ನೋಡಲಿಲ್ಲ. ನ್ಯಾಯವೇ.

ಮಧ್ಯಾಹ್ನ ಮನೆಗೆ ಬಂದು ಅಡುಗೆ ಮಾಡಿ ಕಾದೆ. ಮಗಳು ಬಂದು ಉಂಡಳು. "ಉಪ್ಪು ಕಮ್ಮಿ" ಎಂದಳು. ಐದು ದಿನದಲ್ಲಿ ಅವಳಾಗಿಯೇ ಆಡಿದ ಮೊದಲ ಮಾತು.

ಮಾರ್ಚ್ ೧೪, ಶುಕ್ರವಾರ

ಬಲಗೈ ಬೆರಳು ಇನ್ನೂ ತಾನಾಗಿಯೇ ಒತ್ತುತ್ತದೆ, ಮೇಜಿನ ಮೇಲೆ, ತೊಡೆಯ ಮೇಲೆ. ಡಬ್ಬಿಗೆ ಹಗ್ಗ ಬಿಗಿದಿದ್ದೇನೆ. ಹಗ್ಗ ಬಿಚ್ಚುವುದು ಎಷ್ಟು ಸುಲಭ ಎಂಬುದೂ ಗೊತ್ತಿದೆ. ಊಟದ ಹೊತ್ತಿಗೆ ಬೀಗ ಹಾಕಿ ಓಡುತ್ತೇನೆ.

ಮಾರ್ಚ್ ೨೧, ಶುಕ್ರವಾರ

ಕೊನೆಯ ಪೇಪರ್ ಮುಗಿಯಿತು. ಕರೆತರಲು ಹೋಗಿದ್ದೆ. ಸೊಳ್ಳೆ ಗೇಟಿನ ಹತ್ತಿರ "ಬರ್ತೀನಿ ಅಂಕಲ್" ಎಂದಳು. ಅಷ್ಟು ಸಿಕ್ಕಿತು.

ಮಗಳೂ ನಾನೂ ನಡೆದುಕೊಂಡೇ ಬಂದೆವು. ಅರ್ಧ ದಾರಿಯಲ್ಲಿ ಅವಳು, "ಅಪ್ಪಾ, ಅವತ್ತು ಲ್ಯಾಬಿನ ಬಾಗಿಲಲ್ಲಿ ಎಷ್ಟು ಹೊತ್ತು ನಿಂತಿದ್ದೆ ಗೊತ್ತಾ?" ಎಂದಳು.

"ಒಂದೆರಡು ನಿಮಿಷ?"

"ಇಪ್ಪತ್ತು."

"ಕೂಗಬಾರದಿತ್ತಾ?"

"ಕಿರುಚಾಡಬೇಕು ಅಂತಲೇ ಬಂದಿದ್ದೆ. ದಾರಿಯುದ್ದಕ್ಕೂ ಏನೇನು ಹೇಳಬೇಕು ಅಂತ ಅಂದ್ಕೊಂಡು ಬಂದೆ. ಒಳಗೆ ಬಂದರೆ ನೀನು ಒಬ್ಬನೇ ಕೂತ್ಕೊಂಡು ನಗ್ತಿದ್ದೆ. ಯಾರ ಜೊತೆನೋ ಮಾತಾಡ್ತಿದ್ದೆ, 'ಬಾ ಮರಿ, ಬಾ' ಅಂತ. ಎಷ್ಟು ಖುಷಿಯಾಗಿದ್ದೆ ಅಂದ್ರೆ... ನಾನು ನಿನ್ನ ಹಾಗೆ ನೋಡೇ ಇರಲಿಲ್ಲ. ಹಾಳು ಮಾಡೋಕೆ ಮನಸ್ಸು ಬರಲಿಲ್ಲ."

ಬೈದಿದ್ದರೆ ತಡೆದುಕೊಳ್ಳುತ್ತಿದ್ದೆ. ಒಂದು ಲಾರಿ ಹಾದುಹೋಗುವವರೆಗೆ ಇಬ್ಬರೂ ರಸ್ತೆಯ ಅಂಚಿನಲ್ಲಿ ನಿಂತೆವು.

"ನಾಳೆ ಅಮ್ಮ ಬರ್ತಾಳೆ," ಎಂದಳು. "ನಾನೇನೂ ಹೇಳಲ್ಲ ಬಿಡು."

"ಬೇಡ. ನಾನೇ ಹೇಳ್ತೀನಿ."

ನನ್ನ ಸಲುವಾಗಿ ಅವಳು ಇನ್ನು ಒಂದು ಸುಳ್ಳೂ ಹೇಳುವುದು ಬೇಡ.

ಮಾರ್ಚ್ ೨೨, ಶನಿವಾರ

ಬಸ್ ನಿಲ್ದಾಣದಿಂದ ಮನೆಗೆ ಬರುವ ದಾರಿಯಲ್ಲೇ ಹೆಂಡತಿಗೆ ಎಲ್ಲ ಹೇಳಿದೆ. ದವಡೆ ಎಂಬ ಹೆಸರು ಕೇಳಿ ನಕ್ಕುಬಿಟ್ಟಳು. ಸೊಳ್ಳೆಗೆ ಫೋನಿನಲ್ಲಿ ಆಡಿದ ಮಾತಿಗೆ ಬಂದಾಗ ನಗು ನಿಂತಿತು. ಮನೆಯ ಮುಂದೆ ಬಂದು ಚೀಲ ಕೆಳಗಿಟ್ಟಳು.

"ಅವಳ ಹತ್ರ ಕ್ಷಮೆ ಕೇಳಿದ್ರಾ?"

"ಕೇಳಿದೆ. ಅವಳ ಅಮ್ಮನ ಮುಂದೆಯೇ."

"ಸೊಳ್ಳೆ ಅಲ್ಲ. ನಮ್ಮವಳ ಹತ್ರ."

ಸೊಳ್ಳೆಯನ್ನು ಕೇಳಿದ್ದೆ, ಹೊಲಿಗೆಯವರನ್ನು ಕೇಳಿದ್ದೆ, ಕ್ಲಾರಿನೆಟ್ಟಿನವರನ್ನು ಕೇಳಿದ್ದೆ. ಈ ನೋಟ್‌ಬುಕ್ಕನ್ನು ತಿರುವಿ ಹಾಕಿದರೂ ಇನ್ನೊಂದು ಕ್ಷಮೆ ಸಿಗುವುದಿಲ್ಲ. ಮಗಳಿಗೆ ಕಾರಣ ಹೇಳಿದ್ದೆ, ಅಡುಗೆ ಮಾಡಿ ಹಾಕಿದ್ದೆ, ಪಕ್ಕದಲ್ಲಿ ನಡೆದಿದ್ದೆ. ಆ ಒಂದು ಮಾತು ಹೇಳಿರಲಿಲ್ಲ.

ಹೆಂಡತಿಯನ್ನು ಅಲ್ಲೇ ಬಿಟ್ಟು ಒಳಗೆ ಹೋದೆ. ಮಗಳು ಕಪಾಟಿನಿಂದ ಹಳೆಯ ಪುಸ್ತಕಗಳನ್ನು ತೆಗೆದು ರಾಶಿ ಹಾಕುತ್ತಿದ್ದಳು. ಪಕ್ಕದಲ್ಲಿ ನೆಲದ ಮೇಲೆ ಕುಳಿತು ಹೇಳಿದೆ. ಬೇರೆ ಏನನ್ನೂ ಸೇರಿಸಲಿಲ್ಲ.

ಅವಳು ಕೈಯಲ್ಲಿದ್ದ ಪುಸ್ತಕವನ್ನು ಕೆಳಗಿಟ್ಟು ಅತ್ತಳು. ಲ್ಯಾಬಿನ ಬಾಗಿಲಲ್ಲಿ ನನ್ನನ್ನು ಕಂಡ ದಿನದಿಂದ ನನ್ನೆದುರು ಒಂದು ಸಲವೂ ಅತ್ತಿರಲಿಲ್ಲ.